ಕಾಕು ಹಿಡಿದ ಕಳಸ

ದೆವ್ವ, ಪವಾಡದ ಮಾತೆಂದರೆ ನನಗೆ ಮೊದಲಿನಿಂದಲೂ ಬೇಸರ. ಹೇಳುವವರು ಯಾರೋ ಕಂಡದ್ದನ್ನು ಹೇಳುತ್ತಾರೆಯೇ ಹೊರತು ತಾವು ಕಂಡದ್ದನ್ನಲ್ಲ. ಇದು ಮಾತ್ರ ನಾನು ಪಕ್ಕದಲ್ಲೇ ನಿಂತಿದ್ದಾಗ ನಡೆದದ್ದು. ನಂಬಿ ಎಂಬ ಒತ್ತಾಯವೇನೂ ಇಲ್ಲ.

ಆಗ ನಾನು ಕೊಲ್ಲಾಪುರದಲ್ಲಿ ಓದುತ್ತಿದ್ದೆ. ಬೇಸಿಗೆ ಸೂಟಿಗೆ ಅಪ್ಪನ ತಮ್ಮ ಕಾಕಾನ ಹಳ್ಳಿಗೆ ಬರುತ್ತಿದ್ದೆ. ಜಮಖಂಡಿ ಸಂಸ್ಥಾನದ ಅಂಚಿನ ಊರು, ಬನಹಟ್ಟಿಯಿಂದ ಚಕ್ಕಡಿಯಲ್ಲಿ ಹೋಗಬೇಕು. ಒಂದು ಬಸದಿ, ಅದರ ಓಣಿಯಲ್ಲಿ ಬೆರಳೆಣಿಕೆಯಷ್ಟು ಜೈನರ ಮನೆಗಳು, ಎಲ್ಲರೂ ಬಳಗದವರೇ. ಹಿಂದಿನ ವರ್ಷ ಕಾಕಾ ಮತ್ತು ಅವನ ಹೆಂಡತಿ ಕಾಕುವಿನ ಒಬ್ಬಳೇ ಮಗಳು ಪದ್ಮಿ ಜ್ವರದಲ್ಲಿ ಸೊರಗಿ ಸೊರಗಿ ತೀರಿಕೊಂಡಿದ್ದಳು.

ಆ ಸೂಟಿಯಲ್ಲಿ ವೃದ್ಧ ದಿಗಂಬರ ಮುನಿಗಳೊಬ್ಬರು ಬಸದಿಗೆ ಬಂದರು. ನಮ್ಮ ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡೇ, ಅಂಗೈಯಲ್ಲಿ ಉಣ್ಣುವವರು. ಅದಕ್ಕೂ ಮೊದಲು ಮನಸ್ಸಿನಲ್ಲೇ ಒಂದು ವಿಧಿ ಹಾಕಿಕೊಳ್ಳುತ್ತಾರೆ. ಇಂಥ ಗುರುತು ಕಂಡ ಮನೆಯಲ್ಲಷ್ಟೇ ಆಹಾರ, ಇಲ್ಲದಿದ್ದರೆ ಉಪವಾಸ. ಗುರುತು ಯಾವುದೆಂದು ಯಾರಿಗೂ ಹೇಳುವುದಿಲ್ಲ.

ದಿನವೂ ಅದೇ ಪಾಡಾಯಿತು. ಹೆಂಗಸರು ನೀರು ಸೇದಿ, ಸೋಸಿ, ಮಡಿಯಲ್ಲಿ ಅಡುಗೆ ಮಾಡಿ, ಕಳಸ ಹಿಡಿದು ಬಾಗಿಲಿಗೆ ನಿಲ್ಲುವರು. ಮುನಿಗಳು ಓಣಿ ಸುತ್ತಿ ಬರಿಹೊಟ್ಟೆಯಲ್ಲಿ ಮರಳುವರು. ಜನ ಗುರುತು ಊಹಿಸಿ ಊಹಿಸಿ ಸೋತರು. ಒಬ್ಬರು ತೆಂಗಿನಕಾಯಿ ಹಿಡಿದರು, ಒಬ್ಬರು ಮಾವಿನಹಣ್ಣು, ಕಾಕಾ ಕಬ್ಬು ಹಿಡಿದು ನಿಂತ. ನಗು ಬರಬೇಕಿತ್ತು, ನಗಲು ಯಾರಿಗೂ ತ್ರಾಣವಿರಲಿಲ್ಲ. ಸುಡುವ ಬಿಸಿಲು, ಮುನಿಗಳು ಉಣ್ಣದೆ ತಾವು ಹೊಟ್ಟೆತುಂಬ ಉಣ್ಣಲಾರದೆ ಎಲ್ಲರದೂ ಅರೆಹೊಟ್ಟೆ. ಮುನಿಗಳಿಗೆ ಓಣಿ ಸುತ್ತಲು ದಿನದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಇನ್ನೊಂದು ದಿನ ಹೀಗಾದರೆ ಅವರು ಉಳಿಯುವುದಿಲ್ಲವೆಂದು ಎಲ್ಲರಿಗೂ ಅನ್ನಿಸಿತ್ತು.

"ನಮ್ಮೂರಾಗ ಸ್ವಾಮಿಗಳು ಹಸದು ಹೋದ್ರ, ನಾವು ಯಾವ ಬಾಯಿಲೆ ಉಣ್ಣೂದು?" ಎಂದ ಕಾಕಾ.

ಮರುದಿನ ಬಾಗಿಲಲ್ಲಿ ಕಾಕಾ, ಕಾಕು, ನಾನು, ಮೂವರೇ. ತುಂಬಿದ ತಾಮ್ರದ ಕಳಸ ಕಾಕುವಿನ ಕೈಯಲ್ಲಿತ್ತು. "ಹೇ ಸ್ವಾಮಿ, ನಮೋಸ್ತು, ನಮೋಸ್ತು, ತಿಷ್ಠ ತಿಷ್ಠ" ಎಂದು ನಿಲ್ಲುವಂತೆ ಬೇಡಿದಳು. ಮುನಿಗಳು ಎದುರಿಗೆ ಬಂದು, ಕಳಸ ನೋಡಿ, ನಿಂತುಬಿಟ್ಟರು. ಅಂದು ಅವರ ಆಹಾರ ನಮ್ಮ ಮನೆಯಲ್ಲಿ ನಡೆಯಿತು.

ಮಧ್ಯಾಹ್ನ ಮೂವರೂ ಬಸದಿಗೆ ಹೋದಾಗ ಕಾಕಾ ಕೈಮುಗಿದು, "ವಿಧಿ ಏನಿತ್ರಿ, ಸ್ವಾಮಿ?" ಎಂದು ಕೇಳಿದ.

"ತಾಯಿ ಮಗಳು ಕೂಡಿ ಒಂದ ಕಳಸಕ್ಕ ಕೈ ಹಚ್ಚಿ ನಿಂತಿರಬೇಕು ಅಂತಿತ್ತು. ಇವತ್ತ ನಿಮ್ಮ ಬಾಗಲಾಗ ಕಂಡೆ" ಎಂದರು.

ಮಗಳಿಲ್ಲವೆಂದು ಹೇಳಿದರೆ ವಿಧಿ ತಪ್ಪಿತೆಂದು ಅವರು ಮತ್ತೆ ಉಪವಾಸ ಹಿಡಿದಾರೆಂದು ನಮಗೆ ಭಯ. ಕಾಕು ಮುಂದೆ ಬಂದು ಮೆಲ್ಲಗೆ, "ಹುಡುಗಿ ಹೆಂಗಿದ್ಲರಿ? ಮೈ ಕೈ ತುಂಬಿತ್ತೇನ್ರಿ?" ಎಂದಳು.

"ನಾ ಮುಖ ನೋಡಲಿಲ್ಲ, ತಾಯಿ. ಕಳಸದ ಮ್ಯಾಲಿನ ಕೈ ಅಷ್ಟ ನೋಡಿದೆ."

ಹಸಿವಿನಿಂದ ಅವರ ಕಣ್ಣು ಮಂಜಾಗಿತ್ತು ಎನ್ನೋಣವೆಂದರೆ, ನಮ್ಮ ಹೊಸ್ತಿಲ ಮೇಲಿನ ಇರುವೆ ಸಾಲನ್ನು ಕಂಡು ಹೆಜ್ಜೆ ಎತ್ತಿಟ್ಟವರು ಅವರು. ಎಷ್ಟು ವರ್ಷ ಯೋಚಿಸಿದರೂ ನನಗೆ ಇದರ ತಳ ಸಿಕ್ಕಿಲ್ಲ. ಈಗ ಯೋಚಿಸಿಯೂ ದಣಿದಿದ್ದೇನೆ.

ಮನೆಗೆ ಬಂದ ಮೇಲೆ ಕಾಕು, "ನೀ ಬಾಜೂಕ ನಿಂತಿದ್ದಿ. ನಿನಗ ಕಂಡ್ಲೇನೋ?" ಎಂದು ಕೇಳಿದಳು. ಇಲ್ಲವೆಂದೆ.

"ನನಗೂ ಕಾಣಲಿಲ್ಲ. ಖರೆ, ಕಳಸ ಹಗರ ಆಗಿತ್ತು."

ಮರುದಿನ ಮುನಿಗಳು ತೇರದಾಳದ ದಾರಿ ಹಿಡಿದರು. ಯಾರೂ ಬರುವವರಿರಲಿಲ್ಲ. ಆದರೂ ಕಾಕು ಮಿಂದು, ಕಳಸ ತುಂಬಿಕೊಂಡು ಬಾಗಿಲಿಗೆ ಬಂದು ನಿಂತಳು, ಒಂದೇ ಬದಿ ಹಿಡಿದು. ಕಾಕಾ ಅವಳನ್ನು ಒಳಗೆ ಕರೆಯಲಿಲ್ಲ. ಬಿಸಿಲೇರಿತು. ಕಳಸ ಭಾರಕ್ಕೆ ವಾಲಿ ನೀರು ಚೆಲ್ಲತೊಡಗಿತು.

"ಇವತ್ತ ಭಾಳ ವಜ್ಜ ಆಗೇತಿ" ಎಂದು ನನ್ನ ಕಡೆ ನೋಡಿದಳು. ಆ ಇನ್ನೊಂದು ಬದಿಗೆ ನಾನು ಕೈ ಹಚ್ಚಬಹುದೋ ಬಾರದೋ ತಿಳಿಯದೆ ಕಟ್ಟೆಯ ಮೇಲೆ ಕುಳಿತೇ ಇದ್ದೆ.