ಬಾಗಿಲಾಚೆ ನಿಂತವಳ ತಕರಾರು

ಮೇಷ್ಟ್ರ ಪಾಠ ಪುಸ್ತಕ ತೆರೆದು ಶುರುವಾಗುತ್ತಿರಲಿಲ್ಲ. ವರ್ಷದ ಮೊದಲ ವಾರ ಬೆಂಚುಗಳನ್ನು ಗೋಡೆಗೆ ಸರಿಸಿ, ಮಕ್ಕಳನ್ನು ಸುತ್ತ ಕೂರಿಸಿ, ತರಗತಿಗೊಂದು ಸಂವಿಧಾನ ಮಾಡಿಸುತ್ತಿದ್ದರು. ಒಬ್ಬರು ನಿಯಮ ಹೇಳಬೇಕು, ಇನ್ನೊಬ್ಬರು ತಕರಾರು ತೆಗೆಯಬೇಕು, ಆಮೇಲೆ ಕೈ ಎತ್ತಬೇಕು. ದೇಶಕ್ಕೆ ಕಾನೂನು ಬರೆದವರೂ ಹೀಗೇ ಮಾತಿಗೆ ಮಾತು ಕೊಟ್ಟು ವರ್ಷಗಟ್ಟಲೆ ಕೂತಿದ್ದರು ಎನ್ನುವಾಗ ಅವರ ದನಿ ತಗ್ಗುತ್ತಿತ್ತು. ಊರವರಿಗೆ ಅವರು ಕಾನೂನು ಮೇಷ್ಟ್ರು.

ಆ ವರ್ಷ, ತಡವಾಗಿ ಬಂದವರು ಮೊದಲ ಪಿರಿಯಡ್ ಹೊರಗೇ ನಿಲ್ಲಬೇಕು ಎಂಬ ನಿಯಮಕ್ಕೆ ಎಲ್ಲರೂ ಕೈ ಎತ್ತಿದರು. ತಕರಾರೇ ಇಲ್ಲ. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. ಎತ್ತಿದ ಕೈಗಳು ಇಳಿದ ಮೇಲೆ ದರ್ಜಿಯ ಮಗಳು ಏದುಸಿರು ಬಿಡುತ್ತ ಬಂದಳು. ಹಾಸಿಗೆ ಹಿಡಿದ ಅಮ್ಮನ ಮೈ ಒರೆಸಿ, ಬಾಯಿಗೆ ತುತ್ತಿಟ್ಟು ಬರುವವಳು ಅವಳು. ಅದು ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಅವಳನ್ನು ಬಾಗಿಲಲ್ಲೇ ತಡೆದು, "ನೀವೇ ಮಾಡ್ಕೊಂಡ ನಿಯಮ, ನಾನು ಮುರಿಯೋಕಾಗಲ್ಲಮ್ಮ," ಎಂದರು ಮೇಷ್ಟ್ರು. ಕೆಲವು ದಿನ ಕಿಟಕಿಯ ಸರಳು ಹಿಡಿದು ಪಾಠ ಕೇಳಿದಳು. ಆಮೇಲೆ ಬರುವುದನ್ನೇ ಬಿಟ್ಟಳು.

ಮೇಷ್ಟ್ರು ಅಂಗಿ ಹೊಲಿಸುವ ನೆಪದಲ್ಲಿ ಅವರ ಮನೆಗೆ ಹೋದರು. ಒಳಕೋಣೆಯಲ್ಲಿ ಹುಡುಗಿ ಅಮ್ಮನ ತಲೆ ಬಾಚುತ್ತಿದ್ದಳು.

ದರ್ಜಿ ಮೆಷಿನ್ನಿನಿಂದ ಕಾಲು ತೆಗೆಯದೆ ಹೇಳಿದ, "ಹೊರಗೆ ನಿಂತು ಕಲಿಯೋದನ್ನ ಮನೇಲೇ ಕೂತು ಕಲೀತಾಳೆ ಬಿಡಿ ಸಾರ್. ಗುಂಡಿಗೆ ಕಾಜಾ ಹಾಕೋಕೆ ನನಗೂ ಒಂದು ಕೈ ಬೇಕು."

ಮೇಷ್ಟ್ರು ತಂದಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು, "ಒಂದು ದಿನ ಕಳಿಸಿಕೊಡಪ್ಪ. ಅವಳಿಲ್ದೆ ಇದ್ದಾಗ ಅವಳ ಮೇಲೆ ಕಾನೂನು ಮಾಡ್ಸಿದೆ. ಅದನ್ನ ಅವಳ ಎದುರಿಗೇ ಮತ್ತೆ ಮಾತಾಡ್ಬೇಕು," ಎಂದರು.

ಮರುದಿನವೂ ಅವಳು ತಡವಾಗಿಯೇ ಬಂದಳು. ಮೇಷ್ಟ್ರು ನಿಯಮವನ್ನು ಮತ್ತೆ ಚರ್ಚೆಗಿಟ್ಟರು.

"ಓಟಾಗಿದೆಯಲ್ಲ ಸಾರ್," ಎಂದ ತರಗತಿಯ ಬಾಯಿಬಡುಕ. "ಬೇಕಾದ್ರೆ ಅವಳೊಬ್ಬಳಿಗೆ ಮಾಫಿ ಕೊಡಿ."

ಹುಡುಗಿ ಹೊಸ್ತಿಲ ಮೇಲಿಂದಲೇ ಹೇಳಿದಳು, "ಮಾಫಿ ತಪ್ಪು ಮಾಡಿದೋರಿಗೆ. ನೀವು ಕೈ ಎತ್ತಿದಾಗ ನಾನಿನ್ನೂ ದಾರೀಲಿದ್ದೆ. ಯಾಕೆ ತಡ ಅಂತ ಯಾರಾದ್ರೂ ಕೇಳಿದ್ರಾ?"

"ಹಂಗಾದ್ರೆ ಕಾರಣ ಹೇಳಿ ಒಳಗೆ ಬರ್ಲಿ," ಎಂದ ಬಾಯಿಬಡುಕ.

"ಎಲ್ರ ಮುಂದೆ ಹೇಳೋಕಾಗದ ಕಾರಣಾನೂ ಇರುತ್ತೆ."

ನಿಯಮ ಬೇಡವೆಂದು ಒಂದೆರಡು ಕೈಗಳು ನಿಧಾನವಾಗಿ ಮೇಲೆದ್ದವು. ಮೇಷ್ಟ್ರು ತಡೆದರು. "ಇವತ್ತು ಇಬ್ಬರು ಬಂದಿಲ್ಲ. ಅವರೂ ಬರ್ಲಿ, ಆಮೇಲೆ ಓಟು."

"ಅಲ್ಲೀವರೆಗೆ ಸಾರ್?" ಎಂದಳು ಹುಡುಗಿ.

"ಅಲ್ಲೀವರೆಗೆ ಯಾರೂ ಹೊರಗೆ ನಿಲ್ಲೋ ಹಾಗಿಲ್ಲ."

ಬಾಯಿಬಡುಕ ತನ್ನ ಚೀಲ ಎತ್ತಿಕೊಂಡು ಪಕ್ಕಕ್ಕೆ ಸರಿದ. ಅವಳು ಬಂದು ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವನಿಗಷ್ಟೇ ಕೇಳಿಸುವಂತೆ ಅಂದಳು:

"ನಾಳೇನೂ ಜಾಗ ಹಿಡಿದಿರು. ನಂಗೆ ತಡ ಆಗುತ್ತೆ."