ಬಾಗ್ಲಾ ಹಾಕೈತಿ

ಎಟೋಬಿಕೋಕ್‌ನಲ್ಲಿ ಸರೋವರದ ಕಡೆಗಿರುವ ಹಳೆಯ ಅಂಗಡಿಸಾಲಿನ ಒಂದು ದಿನಸಿ ಅಂಗಡಿಯಲ್ಲಿ ನಾನು ಓದುತ್ತಲೇ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದೆ. ಅಂಗಡಿಯ ಗೋದಾಮು ಬೇಸ್‌ಮೆಂಟಿನಲ್ಲಿತ್ತು. ಹಿಂದುಗಡೆ ಲಾರಿ ಬರುವಷ್ಟು ಜಾಗವಿರಲಿಲ್ಲ. ಒಳಗಿನ ಮೆಟ್ಟಿಲಂತೂ ಅಕ್ಕಿಚೀಲ ಹೊತ್ತವರು ತಿರುಗಲಾರದಷ್ಟು ಕಿರಿದು. ಹಾಗಾಗಿ ಸಾಮಾನೆಲ್ಲ ಇಳಿಯುತ್ತಿದ್ದುದು ಅಂಗಡಿಯ ಮುಂದಿನ ಫುಟ್‌ಪಾತಿನಿಂದ.

ಫುಟ್‌ಪಾತಿನಲ್ಲೇ ನೆಲಕ್ಕೆ ಸಮವಾಗಿ ಎರಡು ಕಬ್ಬಿಣದ ಕದಗಳಿದ್ದವು. ಕೆಳಗಿನಿಂದ ಲಿಫ್ಟು ಏರುವಾಗ ಅದರ ತಲೆಯ ಮೇಲಿನ ಕಮಾನು ಕದಗಳನ್ನು ತಳ್ಳಿ ತೆರೆಯುತ್ತಿತ್ತು. ಇಳಿಯುವಾಗ ಕದಗಳು ಆ ಕಮಾನಿಗೆ ಒರಗಿಕೊಂಡೇ ನಿಧಾನವಾಗಿ ಕೆಳಗೆ ಬಂದು ಮುಚ್ಚಿಕೊಳ್ಳುತ್ತಿದ್ದವು. ಮುಚ್ಚಿದ ಕೂಡಲೇ ಒಳಗಡೆಯ ಕೊಂಡಿ ತಾನಾಗಿ ಗೂಡಿಗೆ ಬಿದ್ದು ಬೀಗವಾಗುತ್ತಿತ್ತು. ಅದಕ್ಕೆ ಚಿಲಕವಿಲ್ಲ, ಕೀಲಿಕೈ ಇಲ್ಲ. ಜನ ದಿನವಿಡೀ ಅದರ ಮೇಲೆ ನಡೆದಾಡುತ್ತಿದ್ದರು, ಕೆಳಗೆ ಬೇಳೆಯ ಮೂಟೆಗಳಿವೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಂಗಡಿ ನಡೆಸುತ್ತಿದ್ದವರು ಉಡುಪಿ ಕಡೆಯವರು, ಅರವತ್ತು ದಾಟಿದ ಹೆಂಗಸು. ನಾನು ಅವರನ್ನು ಆಂಟಿ ಎನ್ನುತ್ತಿದ್ದೆ. ಗೋದಾಮು ನೋಡಿಕೊಳ್ಳುತ್ತಿದ್ದವನು ಹುಬ್ಬಳ್ಳಿಯವನು. ಅವನಿಗೆ ಅವರು ‘ಅಕ್ಕಾರ’. ನನಗಿಂತ ಮೂರು ವರ್ಷ ದೊಡ್ಡವನಾದ ಅವನು ಓದು ಮುಗಿಸಿ ವರ್ಕ್ ಪರ್ಮಿಟ್ ಮೇಲಿದ್ದ. ಈ ದೇಶದಲ್ಲಿ ಕಾಯಂ ಆಗಿ ನೆಲೆಸಲು ಹಾಕುವ ಪಿ.ಆರ್. ಅರ್ಜಿಗೆ ಪೂರ್ತಿ ಒಂದು ವರ್ಷದ ಅನುಭವದ ಪತ್ರ ಬೇಕಿತ್ತು. ಆ ವರ್ಷ ತುಂಬಲು ಇನ್ನೆರಡು ತಿಂಗಳಿತ್ತು.

ನಾನು ಬೆಂಗಳೂರಿನವಳು, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಯಾರಾದರೂ ‘ಎಲ್ಲರಿಗೂ ಗೊತ್ತಿರೋದೇ’ ಎಂದು ಮಾತು ಶುರು ಮಾಡಿದರೆ ‘ಎಲ್ಲರೂ ಅಂದ್ರೆ ಯಾರು?’ ಎಂದು ಕೇಳದೆ ಇರಲು ನನಗಾಗುತ್ತಿರಲಿಲ್ಲ. ಹಿಂಗು ಹಾಕಿದರೆ ಗ್ಯಾಸ್ ಆಗುವುದಿಲ್ಲ ಎಂದ ಗಿರಾಕಿಯ ಜೊತೆಗೂ ವಾದಿಸಿ ಆಂಟಿಯಿಂದ ಬೈಸಿಕೊಂಡಿದ್ದೆ. ಹುಬ್ಬಳ್ಳಿಯವನು ನನಗೆ ‘ವಕೀಲ್ರು’ ಎಂದು ಹೆಸರಿಟ್ಟಿದ್ದ. ‘ವಕೀಲ್ರ, ಈ ಡಬ್ಬಿ ಅಲ್ಲಿಡ್ರಿ, ಅಪೀಲು ಆಮ್ಯಾಲೆ ಮಾಡೂಣು’ ಎನ್ನುತ್ತಿದ್ದ.

ವಾರಕ್ಕೆರಡು ಬೆಳಿಗ್ಗೆ ಲಾರಿ ಬರುತ್ತಿತ್ತು. ಆಗ ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೇಲಿದ್ದವರ ಕೆಲಸ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ಜನ ಕದಗಳನ್ನು ಸುತ್ತಿ ಬಳಸಿ ಹೋಗುವಂತೆ ಮಾಡುವುದು, ಚೀಲಗಳನ್ನು ಲಿಫ್ಟಿಗೆ ಎಳೆಯುವುದು. ಕೆಳಗಿದ್ದವರ ಕೆಲಸ ಬಟನ್ ಒತ್ತುವುದು, ಇಳಿಸಿಕೊಳ್ಳುವುದು, ಕೊನೆಗೆ ನಮ್ಮ ಮೂವರ ವಾಟ್ಸಾಪ್ ಗುಂಪಿಗೆ ಬಾಗಿಲಿನ ಸುದ್ದಿ ಹಾಕುವುದು. ಆ ಸುದ್ದಿ ಬಂದ ಮೇಲೆಯೇ ಕೋನ್ ಎತ್ತಬೇಕು ಎಂಬುದು ಆಂಟಿಯ ನಿಯಮ.

ಫೆಬ್ರವರಿಯ ಒಂದು ಬೆಳಿಗ್ಗೆ ಮೇಲೆ ನಾನಿದ್ದೆ, ಕೆಳಗೆ ಅವನು. ‘ಬಾಗ್ಲಾ ಹಾಕೈತಿ’ ಎಂದು ಮೆಸೇಜ್ ಬಂತು. ಬೆರಳು ಮರಗಟ್ಟುತ್ತಿದ್ದವು. ಕೋನ್‌ಗಳನ್ನು ಎತ್ತಿಕೊಂಡು ಒಳಗೋಡಿದೆ. ಹನ್ನೊಂದರ ಸುಮಾರಿಗೆ ಕೈಗಾಡಿ ಎಳೆದುಕೊಂಡು ಹೋಗುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ನಮ್ಮ ಗಾಜಿನ ಮುಂದೆಯೇ ಮುಗ್ಗರಿಸಿ ಮೊಣಕಾಲೂರಿ ಬಿದ್ದರು. ಹೊರಗೆ ಹೋಗಿ ನೋಡಿದರೆ ಬಲಗಡೆಯ ಕದ ಒಂದು ಬೆರಳಿನಷ್ಟು ಎದ್ದು ನಿಂತಿತ್ತು.

ಅವರನ್ನು ಒಳಗೆ ಕೂರಿಸಿ ಮೊಣಕಾಲಿಗೆ ಫ್ರೀಜರಿನ ಬಟಾಣಿ ಪೊಟ್ಟಣ ಒತ್ತಿದೆವು. ಚರ್ಮ ತರಚಿತ್ತು, ಮಣಿಕಟ್ಟು ನೋಯುತ್ತಿತ್ತು, ಮೂಳೆಗೇನೂ ಆಗಿರಲಿಲ್ಲ. ಮಗಳು ಬಂದು ಕರೆದುಕೊಂಡು ಹೋದಳು. ಹೋಗುವಾಗ ಫೋನಿನಲ್ಲಿ ಕದದ ಫೋಟೋ ತೆಗೆದುಕೊಂಡಳು. ಆಂಟಿಯ ಮುಖ ಬಿಳುಚಿದ್ದು ಅವಳು ಫೋಟೋ ತೆಗೆದದ್ದು ನೋಡಿ. ಅವರು ಹೋದ ಮೇಲೆ ಕದವನ್ನು ತುಳಿದು ಸಮ ಮಾಡಿದೆ.

‘ಬಾಗಿಲು ಹಾಕಿದ್ದು ಯಾರು?’ ಎಂದರು ಕೌಂಟರಿನ ಹಿಂದೆ ನಿಂತು.

‘ಹಾಕಿತ್ತರೀ ಅಕ್ಕಾರ. ಮೆಸೇಜ್ ಕಳ್ಸೇನಲ್ಲ’ ಎಂದ ಅವನು.

ಆಗ ಕದದ ಪಕ್ಕದಲ್ಲಿ ನಿಂತಿದ್ದವಳು ನಾನು. ‘ನೀನು ನೋಡ್ಲಿಲ್ವಾ?’ ಎಂಬ ಪ್ರಶ್ನೆ ನನ್ನ ಕಡೆ ತಿರುಗಲು ಇನ್ನೊಂದು ಕ್ಷಣ ಸಾಕಿತ್ತು. ಅದಕ್ಕೆ ಮೊದಲೇ ನಾನು ಬಾಯಿ ಹಾಕಿದೆ.

‘ಮೆಸೇಜ್‌ನಲ್ಲಿ ಏನಿದೆ ಓದಿ ಆಂಟಿ. ಹಾಕೈತಿ ಅಂತಿದೆ. ಹಾಕೇನಿ ಅಂತಿಲ್ಲ.’

‘ಎರಡೂ ಒಂದೇ ಅಲ್ವಾ ಮಾರಾಯ್ತಿ?’

‘ಅಲ್ಲ. ಹಾಕೇನಿ ಅಂದ್ರೆ ನಾನು ಹಾಕಿದೀನಿ ಅಂತ. ಹಾಕೈತಿ ಅಂದ್ರೆ ಅದು ಹಾಕಿದೆ ಅಂತ, ಅಷ್ಟೇ. ಯಾರು ಹಾಕಿದ್ರು ಅನ್ನೋದೇ ಇಲ್ಲ ಅದ್ರಲ್ಲಿ.’ ಅವನ ಕಡೆ ತಿರುಗಿದೆ. ‘ನೀನೇ ಹೇಳು, ನಿನ್ನ ಕೈಯಾರೆ ಹಾಕಿದ್ಯಾ?’

‘ಕೈಯಾರೆ ಯಾರ್ ಹಾಕ್ತಾರ್ರಿ ವಕೀಲ್ರ? ತಾನ ಹಾಕ್ಕೊಂತೈತಿ.’

‘ಅಂದ್ರೆ ನೀನು ಹಾಕಿಲ್ಲ.’

‘ಹಾಕೂದು ಏನೈತಿ ಅದರಾಗ?’

‘ಹೌದೋ ಅಲ್ವೋ, ಅಷ್ಟು ಹೇಳು ಸಾಕು.’

ಅವನು ನನ್ನನ್ನೇ ನೋಡಿದ. ‘ಹಾಕಿಲ್ಲ’ ಎಂದ.

ಸ್ಪರ್ಧೆಯಲ್ಲಾಗಿದ್ದರೆ ಇಲ್ಲಿಗೆ ಚಪ್ಪಾಳೆ ಬೀಳುತ್ತಿತ್ತು. ಎದುರಾಳಿಯ ಬಾಯಿಂದಲೇ ನಮಗೆ ಬೇಕಾದ ಒಂದು ಶಬ್ದ ಹೊರಡಿಸಿ ಕೂತುಬಿಡಬೇಕು, ವಿವರಿಸಲು ಹೋಗಬಾರದು. ನಾನೂ ಸುಮ್ಮನಾದೆ. ಗೆದ್ದ ಖುಷಿಯಾಗಲಿಲ್ಲ ಎಂದು ಈಗ ಹೇಳಿದರೆ ಅದು ಸುಳ್ಳು. ಆಗಿತ್ತು.

ಆಂಟಿ ಯೋಚಿಸಿ ಹೇಳಿದರು: ‘ನೋಡು ಮಾರಾಯ, ನನಗೆ ಈ ವ್ಯಾಕರಣ ಎಲ್ಲ ಗೊತ್ತಿಲ್ಲ. ಗುರುವಾರ ಮೆಕ್ಯಾನಿಕ್ ಬರ್ತಾನೆ. ಬೀಗ ಹಾಳಾಗಿದ್ರೆ ನಿನ್ನದು ತಪ್ಪಿಲ್ಲ. ಬೀಗ ಸರಿ ಉಂಟು ಅಂತಾದ್ರೆ ನೀನು ಬೇರೆ ಕಡೆ ಕೆಲಸ ನೋಡ್ಕೊಳ್ಬೇಕು. ಆ ಹೆಂಗಸಿನ ಮಗಳು ಕಂಪ್ಲೇಂಟ್ ಕೊಟ್ರೆ ನಾನು ಎಂತ ಹೇಳುದು ಹೇಳು? ಅಲ್ಲಿವರೆಗೆ ನೀನು ಬರುದು ಬೇಡ. ಲಾರಿ ಬಂದಾಗ ಇವಳೇ ಕೆಳಗೆ ಇರ್ಲಿ.’

ಅವನ ಪಾಳಿ ನನಗೆ ಬಂತು. ಅವನು ಜಾಕೆಟ್ ಹಾಕಿಕೊಳ್ಳುತ್ತ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದ: ‘ಹಾಕೇನಿ ಅಂತ ಬರದಿದ್ರ ಸುಳ್ಳ ಆಗ್ತಿತ್ತು. ನಿಮಗ ಅದೂ ಗೊತ್ತೈತಿ.’

ಅಲ್ಲಿಯತನಕ ಅವನು ‘ವಕೀಲ್ರ’ ಎಂದು ತಮಾಷೆಗೆ ಕರೆದಾಗ ಮಾತ್ರ ‘ರೀ’ ಸೇರಿಸುತ್ತಿದ್ದ. ಉಳಿದಂತೆ ನಾವು ಏಕವಚನದಲ್ಲೇ ಮಾತಾಡುವವರು. ಈ ‘ನಿಮಗ’ದಲ್ಲಿ ತಮಾಷೆ ಇರಲಿಲ್ಲ.

ಸೋಮವಾರ ಲಾರಿ ಬಂದಾಗ ಬೇಸ್‌ಮೆಂಟಿಗೆ ಇಳಿದೆ. ಮೇಲೆ ಆಂಟಿಯೇ ಕೋನ್ ಹಿಡಿದು ನಿಂತಿದ್ದರು. ಅವನು ರಜೆ ಹಾಕಿದ ಎಷ್ಟೋ ದಿನ ನಾನು ಕೆಳಗಿನ ಕೆಲಸ ಮಾಡಿದ್ದೆ, ಆದರೆ ಕೊಂಡಿಯನ್ನು ತಲೆಯೆತ್ತಿ ನೋಡಿರಲಿಲ್ಲ. ಈ ಸಲ ನೋಡಿದೆ. ಕೈಗೆಟುಕುವ ಜಾಗದಲ್ಲಿ ಏನೂ ಇಲ್ಲ. ಲಿಫ್ಟು ಇಳಿಯಿತು, ಬೆಳಕು ಕಿರಿದಾಗುತ್ತ ಒಂದು ಗೆರೆಯಾಗಿ ಅಳಿಸಿಹೋಯಿತು, ಮೇಲೆಲ್ಲೋ ‘ಟಕ್’ ಎಂದಿತು. ಕದ ಚೌಕಟ್ಟಿಗೆ ಬಡಿದ ಸದ್ದೋ, ಕೊಂಡಿ ಗೂಡಿಗೆ ಬಿದ್ದ ಸದ್ದೋ, ಕೆಳಗೆ ನಿಂತವರಿಗೆ ತಿಳಿಯುವ ದಾರಿಯೇ ಇಲ್ಲ. ಫೋನ್ ತೆಗೆದು ಎಂದಿನಂತೆ ‘ಬಾಗಿಲು ಹಾಕಿದೆ’ ಎಂದು ಟೈಪ್ ಮಾಡಿದೆ. ಕಳಿಸಲಾಗಲಿಲ್ಲ.

ಹಾಕಿದೆ. ನಮ್ಮ ಕಡೆಯ ಕನ್ನಡದಲ್ಲಿ ‘ನಾನು ಹಾಕಿದೆ’ ಎಂದರೂ ಅದೇ, ‘ಬಾಗಿಲು ಹಾಕಿದೆ’ ಎಂದರೂ ಅದೇ. ತಿಂಗಳುಗಟ್ಟಲೆ ನಾನು ಕಳಿಸಿದ್ದು ಈ ಎರಡರ ನಡುವೆ ತೂಗಾಡುವ ಮಾತು. ಕೇಳಿದವರು ನಾನೇ ಹಾಕಿದೆ ಎಂದುಕೊಳ್ಳಬಹುದು, ತಕರಾರು ಬಂದರೆ ಅದೇ ಹಾಕಿಕೊಂಡಿತ್ತು ಎನ್ನಬಹುದು. ಅವನ ಮಾತಿನಲ್ಲಿ ಹಾಕೇನಿ ಬೇರೆ, ಹಾಕೈತಿ ಬೇರೆ. ಅಲ್ಲಿ ತೂಗಾಡಲು ಜಾಗವಿಲ್ಲ. ತಾನಾಗಿ ಬೀಳುವ ಬೀಗಕ್ಕೆ ಸರಿಯಾದ ಕ್ರಿಯಾಪದ ಬಳಸಿದ ಒಬ್ಬನೇ ಒಬ್ಬನನ್ನು ನಾನು ಅದೇ ಕ್ರಿಯಾಪದದಿಂದ ಸಿಕ್ಕಿಸಿದ್ದೆ.

ಆಂಟಿಗೆ ಫೋನ್ ಮಾಡಿ, ‘ಮೇಲಿಂದ ಸ್ವಲ್ಪ ಎಳೆದು ನೋಡಿ’ ಎಂದೆ. ಅವರು ಕದದ ಹಿಡಿಕೆಗೆ ಬೆರಳು ಹಾಕಿ ಎಳೆದರು. ಕದ ಸಲೀಸಾಗಿ ಎದ್ದಿತು. ‘ಅಯ್ಯೋ ದೇವರೇ’ ಎನ್ನುವುದು ನನಗೆ ಫೋನಿನಲ್ಲೂ ಕದದ ಸಂದಿಯಲ್ಲೂ ಒಟ್ಟಿಗೆ ಕೇಳಿಸಿತು. ಗುರುವಾರದವರೆಗೆ ಕೋನ್‌ಗಳು ಅಲ್ಲೇ ನಿಂತವು.

ಮೆಕ್ಯಾನಿಕ್ ಎತ್ತರದ ಆಸಾಮಿ, ಮಾತು ಕಡಿಮೆ. ಕದ ತೆರೆದು, ಮಂಡಿಯೂರಿ, ಕೊಂಡಿಯನ್ನು ಹತ್ತು ಸಲ ಬೆರಳಿನಿಂದ ಒತ್ತಿ ಬಿಟ್ಟ. ಪ್ರತಿ ಸಲವೂ ಚಿಮ್ಮಿ ಬಂತು. ‘ಬೀಗಕ್ಕೇನೂ ಆಗಿಲ್ಲ’ ಎಂದ ಇಂಗ್ಲಿಷಿನಲ್ಲಿ. ಒಳಗಿನಿಂದ ನೋಡುತ್ತಿದ್ದ ಆಂಟಿಗೆ ಕೈಸನ್ನೆಯಲ್ಲೇ ಹೆಬ್ಬೆರಳೆತ್ತಿ ತೋರಿಸಿದ. ಆಮೇಲೆ ಚೌಕಟ್ಟಿನಲ್ಲಿ ಕೊಂಡಿ ಬೀಳಬೇಕಾದ ಗೂಡಿಗೆ ಸ್ಕ್ರೂಡ್ರೈವರ್ ಹಾಕಿ ಕೆದಕಿದ. ಬೆಣೆಯಂಥ ಬಿಳಿಯ ಗಟ್ಟಿ ಚೂರೊಂದು ಎದ್ದು ಬಂತು. ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕೇಳಿದ, ಇದೇನು?

ಸೋನಾಮಸೂರಿ. ಕರಗಿದ ಹಿಮದ ನೀರಿನಲ್ಲಿ ನೆಂದು, ಉಬ್ಬಿ, ಮತ್ತೆ ಚಳಿಗೆ ಕಲ್ಲಾಗಿತ್ತು.

ಎಲ್ಲಿಂದ ಬಂತೆಂದು ನನಗೆ ತಕ್ಷಣ ಗೊತ್ತಾಯಿತು. ಆ ಹೆಂಗಸು ಬಿದ್ದ ದಿನಕ್ಕಿಂತ ಹಿಂದಿನ ಸಲ ಲಾರಿ ಬಂದಾಗ ಒಂದು ಚೀಲ ಲಿಫ್ಟಿನ ಅಂಚಿಗೆ ಸಿಕ್ಕಿ ಹರಿದಿತ್ತು. ಹರಿದ ಜಾಗಕ್ಕೆ ಟೇಪು ಸುತ್ತಿ ಕೆಳಗೆ ಕಳಿಸಿದವಳು ನಾನು. ಫುಟ್‌ಪಾತಿನ ಮೇಲೆ ಚೆಲ್ಲಿದ ಅಕ್ಕಿಯನ್ನು ಗುಡಿಸಲು ಪೊರಕೆ ತರಬೇಕಿತ್ತು. ಪೊರಕೆ ಒಳಗಿತ್ತು, ಹೊರಗೆ ಚಳಿ. ಬೂಟಿನಿಂದ ಕದದ ಸಂದಿಗೆ ತಳ್ಳಿದ್ದೆ.

ಮೆಕ್ಯಾನಿಕ್ ಗೂಡನ್ನು ಸ್ವಚ್ಛ ಮಾಡಿ, ಗ್ರೀಸ್ ಹಚ್ಚಿ ಹೊರಟುಹೋದ. ಅವನು ಆಂಟಿಗೆ ತೋರಿಸಿದ್ದು ಹೆಬ್ಬೆರಳು ಮಾತ್ರ. ಬೀಗ ಸರಿ ಇದೆ. ಆಂಟಿ ಹಾಕಿದ್ದ ಷರತ್ತಿನ ಪ್ರಕಾರ ಹುಬ್ಬಳ್ಳಿಯವನ ಕೆಲಸ ಅಲ್ಲಿಗೆ ಮುಗಿದಂತೆ. ಅಕ್ಕಿಯ ಗಟ್ಟಿ ನನ್ನ ಕೈಗವಸಿನಲ್ಲಿತ್ತು. ನಾನು ಬಾಯಿ ಬಿಡದಿದ್ದರೆ ತರ್ಕದಲ್ಲಿ ಎಲ್ಲೂ ತೂತಿರಲಿಲ್ಲ.

ಫುಟ್‌ಪಾತಿನಲ್ಲಿ ನಿಂತು ನನ್ನ ಪರವಾಗಿ ವಾದಿಸಿಯೂ ನೋಡಿದೆ. ದಿನಸಿ ಅಂಗಡಿಯ ಬಾಗಿಲಿಗೆ ಬೀಗ ಮಾಡುವವರು ಕಾಳು ಬೀಳುತ್ತದೆ ಎಂದು ಯೋಚಿಸಬೇಡವೇ? ನಿಯಮದಲ್ಲಿ ಎಳೆದು ನೋಡಬೇಕು ಎಂದು ಬರೆದಿತ್ತೇ? ಮೆಸೇಜ್ ನಂಬಿದ್ದು ತಪ್ಪೇ? ಒಳ್ಳೆಯ ವಾದಗಳೇ. ಬೇಕಿದ್ದರೆ ಈಗಲೂ ಗೆಲ್ಲಿಸಿಕೊಡಬಲ್ಲೆ. ಆದರೆ ಅವನ ಒಂದು ವರ್ಷದಲ್ಲಿ ಬಾಕಿ ಇದ್ದದ್ದು ಎರಡೇ ತಿಂಗಳು, ಈ ಯಾವ ವಾದವೂ ಅದನ್ನು ತುಂಬಿಸುತ್ತಿರಲಿಲ್ಲ.

ಒಳಗೆ ಹೋಗಿ ಕೌಂಟರಿನ ಮೇಲೆ ಆ ಗಟ್ಟಿ ಇಟ್ಟೆ.

‘ಎಂತದು ಇದು?’

‘ಅಕ್ಕಿ. ಬೀಗದ ಗೂಡಿನಲ್ಲಿತ್ತು. ಅಲ್ಲಿಗೆ ತಳ್ಳಿದ್ದು ನಾನು.’

ಎಲ್ಲ ಹೇಳಿದೆ. ಚೀಲ ಹರಿದದ್ದು, ಬೂಟು, ಕದದ ಕಡೆ ನೋಡದೆ ಕೋನ್ ಎತ್ತಿದ್ದು. ಆಂಟಿ ಗಟ್ಟಿಯನ್ನು ಉಗುರಿನಿಂದ ಮುರಿದು ನೋಡಿದರು.

‘ಆ ದಿನ ಅಷ್ಟೆಲ್ಲ ಮಾತಾಡಿದಿಯಲ್ಲ ಮಾರಾಯ್ತಿ. ಹಾಕೇನಿ ಅಂತೆ, ಹಾಕೈತಿ ಅಂತೆ. ಬಾಗಿಲಿನ ಪಕ್ಕ ನಿಂತವಳು ನೀನು ಅಂತ ನನಗೂ ಹೊಳೀಲಿಲ್ಲ ನೋಡು. ಅಷ್ಟು ಚಂದ ಮಾತಾಡ್ತಿ ನೀನು.’

ಕೌಂಟರಿನ ಮೇಲೆ ಉದುರಿದ ಪುಡಿಯನ್ನು ಅಂಗೈಗೆ ಬಳಿದುಕೊಂಡೆ.

‘ಅವನಿಗೆ ನಾನು ಫೋನ್ ಮಾಡುದಿಲ್ಲ. ನೀನೇ ಮಾಡು. ಇಲ್ಲೇ, ನನ್ನೆದುರು.’

ಸ್ಪೀಕರ್ ಹಾಕಿ ಮಾಡಿದೆ. ಅವನು ಓಕ್‌ವಿಲ್‌ನಲ್ಲಿದ್ದ. ಒಂದು ವೇರ್‌ಹೌಸ್‌ನಲ್ಲಿ ಕೆಲಸ ಕೇಳಲು ಹೋಗಿ ವಾಪಸ್ ಬರುವ ಟ್ರೇನಿಗೆ ಕಾಯುತ್ತಿದ್ದ. ನಾನು ಮತ್ತೆ ಮೊದಲಿಂದ ಹೇಳಿದೆ. ಹಿಂದೆ ಅನೌನ್ಸ್‌ಮೆಂಟು ಕೇಳುತ್ತಿತ್ತು.

‘ಅಂದ್ರ ನಾ ಬರದದ್ದು ಸರಿ ಇತ್ತೋ ಇಲ್ಲೋ? ಹೌದೋ ಅಲ್ಲೋ ಅಷ್ಟು ಹೇಳ್ರಿ ಸಾಕು.’

‘ವ್ಯಾಕರಣ ಸರಿ ಇತ್ತು. ವಿಷಯ ತಪ್ಪು. ಬಾಗಿಲು ಹಾಕಿರ್ಲಿಲ್ವಲ್ಲ.’

ಆಂಟಿ ಹಣೆ ಚಚ್ಚಿಕೊಂಡರು. ಆ ಕಡೆ ಅವನು ನಕ್ಕ. ಸಂತೋಷದ ನಗುವೇನಲ್ಲ.

‘ಅಕ್ಕಾರ ಅದಾರೇನ್ ಅಲ್ಲೆ?’

‘ಇದ್ದೇನೆ ಮಾರಾಯ. ಸೋಮವಾರ ಬಾ. ನಿನ್ನ ಕಾಗದಕ್ಕೆ ಏನೂ ತೊಂದರೆ ಇಲ್ಲ. ಈ ವಾರದ್ದೂ ರಜೆ ಅಂತಲೇ ಬರೀತೇನೆ.’

‘ಬರ್ತೇನ್ರಿ ಅಕ್ಕಾರ. ಒಂದ ಮಾತು. ಇನ್ಮ್ಯಾಲೆ ಮ್ಯಾಲ ನಾ ನಿಂದರ್ತೇನಿ. ಇವ್ರು ಕೆಳಗ ಇರ್ಲಿ.’

‘ಹಾಗೇ ಆಗ್ಲಿ’ ಎಂದರು ಆಂಟಿ. ನನ್ನನ್ನು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಲಾರಿ ಬಂತು. ಇಪ್ಪತ್ತೆರಡು ಚೀಲ, ಆರು ಪೆಟ್ಟಿಗೆ ಇಳಿಸಿಕೊಂಡೆ. ಲಿಫ್ಟು ಕೊನೆಯ ಸಲ ಕೆಳಗೆ ಬಂದು ನಿಂತಿತು, ಕತ್ತಲಾಯಿತು. ಮೇಲೆ ಪೊರಕೆಯ ಸದ್ದು ಕೇಳಿತು. ಆಮೇಲೆ ಹಿಡಿಕೆ ಹಿಡಿದು ಕದವನ್ನು ಎಳೆದ ಸದ್ದು. ಒಂದು ಸಲ, ಎರಡು ಸಲ, ಮೂರು ಸಲ. ಒಂದು ಸಲ ಸಾಕಿತ್ತು ಎಂದು ನನಗನಿಸಿತು. ಆ ವಿಷಯವನ್ನು ನಾನು ಇಲ್ಲಿಯವರೆಗೆ ಅವನ ಹತ್ತಿರ ಎತ್ತಿಲ್ಲ.