ಟಬ್ಬಿನಲ್ಲಿದ್ದ ಪೇಷೆಂಟ್

ಎದುರಿಗೆ ಕುಳಿತವರು ಸರಿಯಾಗಿ ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನೋಡುವುದು ವಾಸುದೇವ ಅಂಕಲ್‌ಗೆ ಅಂಟಿದ್ದ ಚಟ. ನೀವು ರಾಜಕೀಯದ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದರೂ ಅವರ ಕಣ್ಣು ನಿಮ್ಮ ಅಂಗಿಯ ಗುಂಡಿಗಳ ಮೇಲೇ ಇರುತ್ತಿತ್ತು. ಮಾತು ಮುಗಿದ ಮೇಲೆ, "ಪಾಯಿಂಟ್ ಸರಿಯಿದೆ. ಆದ್ರೆ ಮೇಲ್ಮೇಲೆ ಉಸಿರಾಡ್ತೀಯಲ್ಲಯ್ಯಾ, ದಿನಾ ಸ್ವಲ್ಪ ನಡಿ" ಅನ್ನುತ್ತಿದ್ದರು. ಅವರದೇನು ತಪ್ಪು? ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಹರೆಯದಲ್ಲೇ ಇಲ್ಲಿಗೆ, ಅಮೆರಿಕಕ್ಕೆ, ಬಂದು, ನಿವೃತ್ತರಾಗುವ ತನಕ ಆಪರೇಷನ್ ಟೇಬಲ್ಲಿನ ಪಕ್ಕ ಕುಳಿತು ಅರಿವಳಿಕೆ ಕೊಟ್ಟವರು. ಮಲಗಿಸುವ ಮುಂಚೆ ಪ್ರತಿ ರೋಗಿಗೂ "ಏನೂ ಆಗಲ್ಲ, ನಾನಿದ್ದೀನಿ" ಎಂದು ಹೇಳುತ್ತಿದ್ದರಂತೆ. ಕೊಲಂಬಿಯಾ ಊರಿನ ನಮ್ಮ ಬೀದಿಯಲ್ಲಿ ಅದನ್ನೇ ಹಿಮ ಗೋರುವವರಿಗೂ ಕಾರು ಕಲಿಯುವವರಿಗೂ ಹೇಳುತ್ತಿದ್ದರು.

ಇಂಥವರ ಮನೆಗೆ, ಕೋವಿಡ್‌ನ ಎರಡನೇ ವರ್ಷ, ಒಂದು ಹಾವು ಬಂತು.

ಮೊಮ್ಮಗಳು ದಿಯಾ ಕಾಲೇಜಿಗೆ ಹೊರಟಿದ್ದಳು. ಅಲ್ಲಿನ ಹಾಸ್ಟೆಲಿನಲ್ಲಿ ಹಾವು ಇಟ್ಟುಕೊಳ್ಳುವಂತಿಲ್ಲ. ಅವಳ ಅಮ್ಮನೋ, ನಾನಾದರೂ ಇರಬೇಕು ಅದಾದರೂ ಇರಬೇಕು ಎಂದು ಪಟ್ಟು ಹಿಡಿದಿದ್ದಳು. ಹೀಗಾಗಿ ನೂಡಲ್ ಎಂಬ ಹೆಸರಿನ ಬಾಲ್ ಪೈಥಾನ್, ಅಂದರೆ ಹೆದರಿದಾಗ ಚೆಂಡಿನ ಹಾಗೆ ಸುತ್ತಿಕೊಳ್ಳುವ ಪುಟ್ಟ ಹೆಬ್ಬಾವು, ತಾತನ ಪಾಲಿಗೆ ಬಂತು. "ತಾತಾ, ನಾನು ಡಿಸೆಂಬರ್ ಬರ್ತೀನಿ. ಹಿ ಹ್ಯಾಸ್ ಟು ಬಿ ಓಕೆ. ಪ್ರಾಮಿಸ್ ಮಾಡು" ಎಂದು ಅತ್ತು ಹೋಗಿದ್ದಳು. ಅಂಕಲ್‌ಗೆ ಹಾವೆಂದರೆ ಎದೆಯಲ್ಲಿ ಪುಕುಪುಕು. ಆದರೆ ಮಾತು ಕೊಟ್ಟಾಗಿತ್ತು. ಅವಳು ಬರುವ ತನಕ ಅದು ಬದುಕಿರಲೇಬೇಕು. ಹಾವು ಅನ್ನದೆ "ಪೇಷೆಂಟ್" ಎಂದು ಕರೆದು ಧೈರ್ಯ ತಂದುಕೊಂಡರು.

ಅವರ ಹೆಂಡತಿ ಶಾರದಾ ಆಂಟಿಯದು ಇನ್ನೊಂದು ಕಷ್ಟ. ಈರುಳ್ಳಿಯನ್ನೂ ಪಂಚಾಂಗ ನೋಡಿ ಹೆಚ್ಚುವ ಮನೆಗೆ ಹೆಪ್ಪುಗಟ್ಟಿದ ಇಲಿಗಳ ಪೊಟ್ಟಣ ಬಂದಿತ್ತು. ಅದಕ್ಕೆಂದೇ ಗರಾಜಿನಲ್ಲಿ ಬೇರೆ ಫ್ರೀಜರ್ ಆಯಿತು. "ಷಷ್ಠಿ ದಿನ ಮಾತ್ರ ಅದಕ್ಕೆ ಇಲಿಗಿಲಿ ಹಾಕಬೇಡಿ" ಎಂದು ಆಂಟಿ ಅಪ್ಪಣೆ ಮಾಡಿದರು. "ಅವನು ವಾರಕ್ಕೊಂದು ಸಲ ಊಟ ಮಾಡೋದು ಕಣೇ. ನಿನಗಿಂತ ನಿಷ್ಠೆಯಿಂದ ಉಪವಾಸ ಮಾಡ್ತಾನೆ" ಎಂದರು ಅಂಕಲ್.

ಚಳಿ ಶುರುವಾಗಿ ಮನೆಯ ಹೀಟರ್ ಹಾಕಿದ ಮೇಲೆ ನೂಡಲ್‌ನ ಗಾಜಿನ ಪೆಟ್ಟಿಗೆ ಒಣಗತೊಡಗಿತು. ಮುಚ್ಚಳವಿರುವ ಪ್ಲಾಸ್ಟಿಕ್ ಟಬ್ಬಿನಲ್ಲಾದರೆ ತೇವ ನಿಲ್ಲುತ್ತದೆ ಎಂದು ದಿಯಾ ಫೋನಿನಲ್ಲಿ ಹೇಳಿದಳು. ಗಾಳಿಯಾಡಲು ಅದಕ್ಕೆ ತೂತು ಕೊರೆಯಬೇಕಿತ್ತು. ಪ್ಲಾಸ್ಟಿಕ್ಕನ್ನು ಸುಟ್ಟು ಕೊರೆಯುವಂಥ ಸಾಲ್ಡರಿಂಗ್ ಐರನ್ ಇದ್ದದ್ದು ಅದೇ ಬೀದಿಯ ನನ್ನ ಹತ್ತಿರ. ಅಂಕಲ್ ಕಡೆಯಿಂದ ನನಗೆ ಕರೆ ಬಂತು.

ಹೋಗಿ ನೋಡಿದರೆ ಅಂಕಲ್ ಗರಾಜನ್ನು ಆಪರೇಷನ್ ಥಿಯೇಟರ್ ಮಾಡಿಬಿಟ್ಟಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಟಬ್ಬನ್ನು ಬೆಚ್ಚಗಿಡುವ ಹೀಟ್ ಮ್ಯಾಟ್, ಅದರ ಥರ್ಮೋಸ್ಟ್ಯಾಟ್, ನೀರಿನ ಬಟ್ಟಲು, ತೆಂಗಿನ ನಾರಿನ ಪುಡಿ, ಹಾವು ಬಚ್ಚಿಟ್ಟುಕೊಳ್ಳಲು ಒಡೆದ ಹೂಕುಂಡ ಎಲ್ಲವನ್ನೂ ಸಾಲಾಗಿ ಜೋಡಿಸಿದ್ದರು. ಪ್ಲಾಸ್ಟಿಕ್ ಸುಟ್ಟ ಹೊಗೆ ಕುಡಿಯಬಾರದೆಂದು ನನ್ನ ಮುಖಕ್ಕೆ ತಾವೇ ಬಿಗಿಯಾಗಿ ಮಾಸ್ಕ್ ಹಾಕಿದರು.

"ಟಬ್ ತೊಳೆದಿದ್ದೀರಾ ಅಂಕಲ್?"

"ಸೋಪಲ್ಲಿ ತೊಳೆದು, ನಾನೇ ಮೂಸಿ ನೋಡಿದ್ದೀನಿ. ಫಸ್ಟ್ ಕ್ಲಾಸ್. ಒಳಗಿಂದ ಹೊರಕ್ಕೆ ಕೊರಿ, ಚೂಪು ಅಂಚು ಹೊರಗಿರಲಿ. ಪೇಷೆಂಟ್ ಮೈ ತರಚಬಾರದು."

ಹಾವನ್ನು ಒಳಗೆ ಬಿಡುವ ಹೊತ್ತಿಗೆ ಅಂಕಲ್ ಆಂಟಿಯ ಓವನ್ ಕೈಗವಸು ತೊಟ್ಟು ಬಂದರು. ಕಣ್ಣು ಮುಚ್ಚಿಕೊಂಡು "ಏನೂ ಆಗಲ್ಲ, ನಾನಿದ್ದೀನಿ" ಅಂದರು. ಹಾವಿಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ಫೋನ್. "ಪೇಷೆಂಟ್ ಬಾಯಿ ತೆಗೆದು ಉಸಿರಾಡ್ತಿದ್ದಾನೆ. ಬೇಗ ಬಾ."

ಓಡಿದೆ. ಅವರ ಓದುವ ಕೋಣೆಗೆ ಸಾಗಿಸಿದ್ದ ಟಬ್ಬಿನಲ್ಲಿ ನೂಡಲ್ ತಲೆ ಮೇಲೆತ್ತಿ ಬಾಯಿ ತೆರೆದುಕೊಂಡಿತ್ತು. ನಾನು ಮುಚ್ಚಳ ತೆಗೆದದ್ದೇ ತಡ, ಬಾಗಿಲಾಚೆಯಿಂದ ಆಂಟಿಯ ದನಿ ಕೇಳಿತು. "ಇದೇನ್ರೀ ಇದು, ನುಸಿಗುಳಿಗೆ ವಾಸನೆ! ನನ್ನ ಸೀರೆ ಟಬ್ ಅಲ್ವಾ ಅದು?"

ಅದೇ. ರೇಷ್ಮೆ ಸೀರೆಗಳಿಗೆ ನುಸಿಗುಳಿಗೆ ಹಾಕಿ ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಟಬ್ಬನ್ನು ಅಂಕಲ್ ಕೇಳದೆ ಖಾಲಿ ಮಾಡಿದ್ದರು. ಪ್ಲಾಸ್ಟಿಕ್ಕಿಗೆ ಹಿಡಿದ ಘಾಟು ಸೋಪಿಗೆ ಹೋಗುತ್ತದೆಯೇ? ಹೀಟ್ ಮ್ಯಾಟಿನ ಶಾಖಕ್ಕೆ ಅದೆಲ್ಲ ಮೇಲೆದ್ದಿತ್ತು, ಬಡಪಾಯಿ ಹಾವು ಇಡೀ ರಾತ್ರಿ ಅದನ್ನೇ ಕುಡಿದಿತ್ತು. ಕಿಟಕಿ ತೆರೆದು ನೂಡಲ್‌ನನ್ನು ದಿಂಬಿನ ಚೀಲಕ್ಕೆ ದಾಟಿಸಿದೆವು.

"ಇಷ್ಟು ಘಾಟು ನಿಮ್ಮ ಮೂಗಿಗೆ ಹೊಡೀಲಿಲ್ವಾ?" ಆಂಟಿ ಕೇಳಿದರು.

ಅಂಕಲ್ ದಿಂಬಿನ ಚೀಲದ ಬಾಯಿಗೆ ಗಂಟು ಹಾಕಿದರು. "ಕೋವಿಡ್ ಬಂದು ಹೋದಾಗಿಂದ ನನಗೆ ಯಾವ ವಾಸನೆಯೂ ಬರಲ್ಲ ಕಣೇ."

"ಹಾಗಾದ್ರೆ ದಿನಾ ಸಾರು ಘಮ್ ಅಂತಿದೆ ಅಂತಿದ್ರಿ?"

"ಅದು ಹಳೇ ಸಾರು. ಜ್ಞಾಪಕದಿಂದ ಹೇಳ್ತಿದ್ದೆ. ನಿಜ ಗೊತ್ತಾದ್ರೆ ನಿನಗೆ ಅಡುಗೆ ಮಾಡೋ ಮನಸ್ಸೇ ಹೋಗ್ತಿತ್ತಲ್ಲ."

ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, "ನನ್ನ ಸೀರೆ ಎಲ್ಲಿ ತುರುಕಿದ್ದೀರಿ, ಮೊದಲು ಅದು ಹೇಳಿ" ಎಂದರು. ಅವತ್ತು ಆ ಮನುಷ್ಯನ ಮೇಲೆ ನನಗೆ ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಈ ಸಲ ಅಂಗಡಿಗೆ ಆಂಟಿಯೂ ಬಂದರು. ಕರ್ಬೂಜ ಆರಿಸುವವರ ಹಾಗೆ ಟಬ್ಬುಗಳನ್ನು ಒಂದೊಂದಾಗಿ ಎತ್ತಿ ಮೂಸಿ, "ಇದು ಆಗಬಹುದು. ಟಬ್ ಮಾತ್ರ ನನ್ನ ಜವಾಬ್ದಾರಿ, ಒಳಗಿರೋದು ನಿಮ್ಮದು" ಎಂದರು. ಹೊಸ ಟಬ್ಬಿನಲ್ಲಿ ನೂಡಲ್ ಬಾಯಿ ಮುಚ್ಚಿತು. ಮುಚ್ಚಿದ್ದು ಊಟಕ್ಕೂ ತೆರೆಯಲಿಲ್ಲ. ಉಸಿರು ಸುಧಾರಿಸಿದೆ, ಇನ್ನು ತಿಂದರೆ ಬದುಕುತ್ತದೆ ಎಂದು ಹಾವಿನ ಡಾಕ್ಟರು ಹೇಳಿದರು. ವಾರಗಳು ಕಳೆದವು, ಕರಗಿಸಿಟ್ಟ ಇಲಿಗಳು ಕಸದ ಬುಟ್ಟಿ ಸೇರಿದವು. ದಿಯಾ ಫೋನ್ ಮಾಡಿದಾಗಲೆಲ್ಲ ಅಂಕಲ್ "ಆರಾಮಾಗಿದ್ದಾನಮ್ಮಾ" ಅನ್ನುತ್ತಿದ್ದರು. ಫೋನ್ ಇಟ್ಟ ಮೇಲೆ ಅವರಿಗೂ ಊಟ ಸೇರುತ್ತಿರಲಿಲ್ಲ.

ಅವಳು ಬರುವ ಹಿಂದಿನ ದಿನ ನನ್ನ ಫೋನ್ ಹೊಡೆದುಕೊಂಡಿತು. "ನುಂಗಿದ ಕಣಯ್ಯಾ! ಬಾಲದ ಸಮೇತ ನುಂಗಿದ!" ಹಿಂದಿನಿಂದ ಆಂಟಿ, "ಮೆಲ್ಲಗೆ ಹೇಳ್ರೀ, ದೇವರ ಮುಂದೆ ಕೂತಿದ್ದೀನಿ" ಎಂದು ಗದರುತ್ತಿದ್ದರು.

ದಿಯಾ ಬಂದಳು, ಟಬ್ ನೋಡಿದಳು, ತಾತನನ್ನು ಅಪ್ಪಿಕೊಂಡಳು. ಹೊರಡುವಾಗ, "ಹಿ ಲೈಕ್ಸ್ ಇಟ್ ಹಿಯರ್, ತಾತಾ. ಇಲ್ಲೇ ಇರ್ಲಿ" ಎಂದಳು. "ಇದೊಳ್ಳೆ ಕಥೆಯಾಯ್ತು" ಎಂದು ಅಂಕಲ್ ಗೊಣಗಿದರು. ಗೊಣಗುತ್ತಲೇ ಹೋಗಿ ಬಟ್ಟಲಿಗೆ ಹೊಸ ನೀರು ಹಾಕಿದರು.

ಹೋದ ಚಳಿಗಾಲದಲ್ಲಿ ಹೃದಯಾಘಾತವಾಗಿ ಅಂಕಲ್ ಹೋಗಿಬಿಟ್ಟರು. ಕಾರ್ಯಗಳೆಲ್ಲ ಮುಗಿದ ಮೇಲೆ, ಅಜ್ಜಿಗೆ ಇದು ಕಷ್ಟವೆಂದು ದಿಯಾ ನೂಡಲ್‌ಗೆ ಬೇರೆ ಮನೆ ಹುಡುಕಿದಳು. ಕೊಂಡೊಯ್ಯುವ ಕೆಲಸ ನನ್ನದು. ಹೀಟ್ ಮ್ಯಾಟಿನ ಪ್ಲಗ್ ಕಿತ್ತು, ಟಬ್ ಎತ್ತಿಕೊಂಡು ಬಂದೆ. ಆಂಟಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ಎಲ್ಲಿಗಪ್ಪಾ ತಗೊಂಡು ಹೋಗ್ತಿದ್ದೀಯ?"

"ಏಪೆಕ್ಸ್ ಊರಲ್ಲಿರೋ ದಿಯಾ ಫ್ರೆಂಡ್ ಮನೆಗೆ ಆಂಟಿ. ನಿಮಗೆ ಇದನ್ನೆಲ್ಲ ನೋಡ್ಕೊಳ್ಳೋದು ಕಷ್ಟ ಅಲ್ವಾ?"

"ಕಷ್ಟ ಹೌದು." ಆಂಟಿ ಬಗ್ಗಿ ಟಬ್ಬಿನೊಳಗೆ ನೋಡಿದರು. "ಆದ್ರೆ ಅವರು ಹೋದ ಮೇಲೆ, ಬೆಳಿಗ್ಗೆ ಎದ್ದು ಇನ್ನೊಬ್ಬರಿಗೆ ಏನು ಬೇಕು ಅಂತ ನೋಡೋ ಕೆಲಸವೇ ಇಲ್ಲ ನನಗೆ. ಒಳಗಿಡಪ್ಪಾ."

ಒಳಗಿಟ್ಟು ಪ್ಲಗ್ ಹಾಕಿದೆ.